ಸರಾಸರಿಯ ಲೆಕ್ಕವೂ ಸಕ್ಕರೆಯ ಏರಿಳಿತವೂ

ಮುಂಬಯಿ, ಪುಣೆ, ಹೈದರಾಬಾದು ಮೊದಲಾದ ನಗರಗಳಲ್ಲಿ ನಮ್ಮ ಕನ್ನಡ ಸಂಘಗಳು ಆದಿತ್ಯವಾರಗಳಂದು ಉಚಿತ ವೈದ್ಯಕೀಯ ಶಿಬಿರಗಳನ್ನು ಏರ್ಪಡಿಸುವ ಪರಿಪಾಠವು ಈಗ ಚೆನ್ನಾಗಿ ಬೇರೂರಿದೆ. ಬೆರಳ ತುದಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಪಟ್ಟಿಯ ಮೇಲಿಳಿಸಿ, ಒಂದು ಚೀಟಿಯಲ್ಲಿ ಒಂದೇ ಒಂದು ಅಂಕಿಯನ್ನು ಬರೆದು ಕೈಗೆ ಕೊಡುತ್ತಾರೆ. 110 ಎಂದು ಬಂದವನು ನಿಶ್ಚಿಂತನಾಗಿ ಉಪಾಹಾರದ ಸಾಲಿಗೆ ನಡೆಯುತ್ತಾನೆ. 240 ಎಂದು ಬಂದವನು ಮುಖ ಬಾಡಿಸಿಕೊಂಡು ಅದೇ ಸಾಲಿನ ಕೊನೆಯಲ್ಲಿ ನಿಲ್ಲುತ್ತಾನೆ. ಮಧುಮೇಹದ ಶಿಬಿರದಲ್ಲಿಯೂ ಶೀರಾ ಹಂಚುವ ನಮ್ಮವರ ಔದಾರ್ಯವನ್ನು ಕುರಿತು ಇನ್ನೊಮ್ಮೆ ಬರೆಯುವೆವು. ಇಂದು ನಾವು ಹೇಳಬೇಕಾಗಿರುವುದು ಆ ಚೀಟಿಯನ್ನು ಕುರಿತು.

ಆ ಚೀಟಿಯು ನಿರುಪಯುಕ್ತವೆಂದು ನಾವು ಹೇಳುವುದಿಲ್ಲ. ಅದರಿಂದಲೇ ರೋಗವು ತಮಗಿದೆಯೆಂಬ ಅರಿವು ಎಷ್ಟೋ ಮಂದಿಗೆ ಮೊದಲ ಬಾರಿ ಉಂಟಾಗಿದೆ. ಆದರೆ ಔಷಧವನ್ನು ಸೇವಿಸಲಾರಂಭಿಸಿದ ಮೇಲೆಯೂ ವರ್ಷಕ್ಕೆ ಎರಡು ಮೂರು ಸಲ ದೊರೆಯುವ ಒಂದೊಂದು ಅಂಕಿಯನ್ನೇ ನಂಬಿ ನಮ್ಮ ಹೋಟೇಲು ಕಾರ್ಮಿಕ ಬಂಧುಗಳು ದಿನ ದೂಡುತ್ತಿರುವುದು ಅಪಾಯಕರವೆಂದು ನಮ್ಮ ಸ್ಪಷ್ಟ ಅಭಿಪ್ರಾಯ. ಅವರ ದೇಹದಲ್ಲಿ ಸಕ್ಕರೆಯು ಒಂದೆಡೆ ನಿಲ್ಲುವ ಪದಾರ್ಥವಲ್ಲ. ಅದು ಹಗಲಿರುಳು ಏರುತ್ತದೆ, ಇಳಿಯುತ್ತದೆ. ಆ ಏರಿಳಿತವನ್ನು ಅಳೆಯುವ ಉಪಕರಣವು ಇಂದು ನಮ್ಮ ದೇಶದಲ್ಲಿಯೇ ಔಷಧದ ಅಂಗಡಿಗಳಲ್ಲಿ ದೊರೆಯುತ್ತಿದೆ. ಅದು ಯಾರಿಗೆ ಬೇಕು, ಅದರ ಖರ್ಚನ್ನು ಯಾರು ಹೊರಬೇಕು ಎಂಬುದು ನಮ್ಮ ಸಮಾಜವು ಆಲೋಚಿಸತಕ್ಕ ವಿಷಯವಾಗಿದೆ.

ಮೊದಲಿಗೆ ನಮ್ಮವರ ದಿನಚರಿಯನ್ನು ನೋಡೋಣ. ಹೋಟೇಲಿನ ಅಡುಗೆಯವನು ನಸುಕಿನ ನಾಲ್ಕೂವರೆಗೆ ಎದ್ದು ಬರಿಯ ಹೊಟ್ಟೆಗೆ ಒಂದು ಸಕ್ಕರೆಯ ಚಹಾ ಕುಡಿಯುತ್ತಾನೆ. ಎಂಟು ಗಂಟೆಯ ಹೊತ್ತಿಗೆ, ನಿಂತಲ್ಲಿಯೇ, ಎರಡು ಇಡ್ಲಿ. ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಗಿರಾಕಿಗಳ ಊಟದ ಭರಾಟೆಯಲ್ಲಿ ನೀರು ಕುಡಿಯಲೂ ಪುರಸೊತ್ತಿಲ್ಲ. ಮೂರೂವರೆಗೆ ಸಿಕ್ಕ ಊಟದಲ್ಲಿ ಹಸಿವಿನ ತೀವ್ರತೆಯಿಂದ ಅನ್ನದ ರಾಶಿಯೇ ಒಳಹೋಗುತ್ತದೆ. ರಾತ್ರಿಯ ಊಟವು ಪಾತ್ರೆ ತೊಳೆದು, ನೆಲ ಒರೆಸಿ, ಬಾಗಿಲೆಳೆದ ಮೇಲೆ ಹನ್ನೆರಡು ಗಂಟೆಗೆ. ಉಂಡ ಕೈ ಒಣಗುವ ಮುನ್ನ ನಿದ್ರೆ. ಇಂಥವನಿಗೆ ವೈದ್ಯರು "ಊಟಕ್ಕೆ ಮುಂಚೆ ಒಂದು ಮಾತ್ರೆ" ಎಂದು ಬರೆದುಕೊಟ್ಟರೆ, "ಡಾಕ್ಟ್ರೇ, ಯಾವ ಊಟಕ್ಕೆ?" ಎಂದು ಕೇಳುವ ಧೈರ್ಯವು ಅವನಿಗಿರುವುದಿಲ್ಲ. ಕೇಳಬೇಕೆಂದು ವೈದ್ಯರಿಗೂ ಹೊಳೆಯುವುದಿಲ್ಲ, ಏಕೆಂದರೆ ಅವರ ಕಲ್ಪನೆಯಲ್ಲಿರುವುದು ಒಂದು ಗಂಟೆಗೆ ಉಂಡು ಎಂಟು ಗಂಟೆಗೆ ಉಣ್ಣುವ ಗೃಹಸ್ಥನ ಚಿತ್ರ.

ಕಚೇರಿಯ ಗುಮಾಸ್ತರ ಸ್ಥಿತಿಯು ಇದಕ್ಕಿಂತ ಉತ್ತಮವೆಂದು ಯಾರೂ ತಿಳಿಯಬಾರದು. ಏಳೂಕಾಲರ ಲೋಕಲ್ ಗಾಡಿಗಾಗಿ ತಿಂಡಿಯನ್ನು ಬಿಟ್ಟು ಓಡುವವರು, ವರ್ಷಾಂತ್ಯದ ಲೆಕ್ಕಪತ್ರಗಳ ಹೊತ್ತಿನಲ್ಲಿ ರಾತ್ರಿ ಹತ್ತರವರೆಗೆ ವಡಾ ಪಾವ್ ಮತ್ತು ಕಟಿಂಗ್ ಚಹಾದ ಮೇಲೆ ಕಾಲ ಹಾಕುವವರು ಅವರಲ್ಲಿ ಬಹಳ ಮಂದಿ.

ನಮ್ಮ ದೇಶದಲ್ಲಿ ಈ ರೋಗದ ವ್ಯಾಪ್ತಿಯು ಅಲ್ಪವಾದುದಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೇಶವ್ಯಾಪಿ ಸಮೀಕ್ಷೆಯ ಪ್ರಕಾರ ಮಧುಮೇಹಿಗಳ ಸಂಖ್ಯೆ 10 ಕೋಟಿಯನ್ನು ಮೀರಿದೆ. ವಯಸ್ಕರಲ್ಲಿ ಹಳ್ಳಿಗಾಡಿನಲ್ಲಿ ಶೇಕಡಾ 8.9 ಇರುವ ಪ್ರಮಾಣವು ನಗರಗಳಲ್ಲಿ 16.4 ಆಗಿದೆ. ಊರು ಬಿಟ್ಟು ನಗರಕ್ಕೆ ಬಂದವರು ನಾವು. ಈ ಎರಡು ಅಂಕಿಗಳ ನಡುವಣ ದಾರಿಯನ್ನು ನಡೆದು ಬಂದವರೂ ನಾವೇ.

ಈಗ ಸರಾಸರಿಯ ವಿಷಯಕ್ಕೆ ಬರೋಣ. ಬರಿಯ ಹೊಟ್ಟೆಯ ರಕ್ತಪರೀಕ್ಷೆಯ ಜೊತೆಗೆ ಇಂದು ವೈದ್ಯರು ಮೂರು ತಿಂಗಳಿಗೊಮ್ಮೆ ಎಚ್‌ಬಿಎ1ಸಿ ಎಂಬ ಪರೀಕ್ಷೆಯನ್ನು ಮಾಡಿಸುವುದು ವಾಚಕರಲ್ಲಿ ಅನೇಕರಿಗೆ ಗೊತ್ತು. ಮಧುಮೇಹಿಗಳ ರಕ್ತದ ಹಿಮೊಗ್ಲೋಬಿನ್ನಿನಲ್ಲಿ ಒಂದು ವಿಶೇಷವಿರುವುದನ್ನು ಟೆಹರಾನಿನ ಸ್ಯಾಮ್ಯುಅಲ್ ರಹಬರ್ ಎಂಬ ವಿದ್ವಾಂಸರು 1960ರ ದಶಕದ ಕೊನೆಯಲ್ಲಿ ಗುರುತಿಸಿದರು. ರಕ್ತದಲ್ಲಿ ಸಕ್ಕರೆ ಹೆಚ್ಚಿದಷ್ಟೂ ಕೆಂಪು ಕಣಗಳಲ್ಲಿರುವ ಹಿಮೊಗ್ಲೋಬಿನ್ನಿಗೆ ಅದು ಹೆಚ್ಚು ಅಂಟಿಕೊಳ್ಳುತ್ತದೆ. ಆ ಕಣಗಳ ಆಯುಸ್ಸು ಸುಮಾರು ನಾಲ್ಕು ತಿಂಗಳಾದುದರಿಂದ, ಅಂಟಿದ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿಯು ತಿಳಿಯುತ್ತದೆ. ಅಂಕಿ 7 ಬಂದರೆ ಸರಾಸರಿ ಸಕ್ಕರೆ ಸುಮಾರು 154 ಮಿಲಿಗ್ರಾಂ, 8 ಬಂದರೆ ಸುಮಾರು 183. ಈ ಸರಾಸರಿಯನ್ನು ತಗ್ಗಿಸಿದರೆ ಕಣ್ಣು, ಮೂತ್ರಪಿಂಡ, ನರಗಳ ಹಾನಿಯು ತಗ್ಗುತ್ತದೆಂಬುದನ್ನು ಅಮೆರಿಕದಲ್ಲಿ 1993ರಲ್ಲಿಯೂ ಬ್ರಿಟನ್ನಿನಲ್ಲಿ 1998ರಲ್ಲಿಯೂ ಪ್ರಕಟವಾದ ದೀರ್ಘಕಾಲದ ಅಧ್ಯಯನಗಳು ಸಂದೇಹಕ್ಕೆಡೆಯಿಲ್ಲದಂತೆ ತೋರಿಸಿಕೊಟ್ಟವು. ಆದುದರಿಂದ ಆ ಪರೀಕ್ಷೆಯನ್ನು ಯಾರೂ ಬಿಡತಕ್ಕದ್ದಲ್ಲ.

ಆದರೆ ಅದು ಸರಾಸರಿ. ಸರಾಸರಿಯೆಂದರೇನು ಎಂಬುದನ್ನು ಹೋಟೇಲು ನಡೆಸಿದವರಿಗೆ ಪುಸ್ತಕದಿಂದ ಕಲಿಸಬೇಕಾಗಿಲ್ಲ. ಬಹುಕಾಲ ಗಲ್ಲೆಯ ಹಿಂದೆ ಕುಳಿತ ನಾವು ತಿಂಗಳ ಕೊನೆಗೆ ಲೆಕ್ಕ ಹಾಕಿದಾಗ ದಿನಕ್ಕೆ ಸರಾಸರಿ 300 ದೋಸೆ ಹೋಗಿದೆಯೆಂದು ಬರುತ್ತಿತ್ತು. ಆ ಸರಾಸರಿಯನ್ನು ನಂಬಿ ಪ್ರತಿದಿನವೂ 300 ದೋಸೆಗೆ ಅಕ್ಕಿ ಉದ್ದು ನೆನೆಹಾಕಿದ್ದರೆ, ಸೋಮವಾರ ಹಿಟ್ಟು ಹುಳಿಬಂದು ಮೋರಿಗೆ ಹೋಗುತ್ತಿತ್ತು, ಆದಿತ್ಯವಾರ ಹತ್ತು ಗಂಟೆಗೇ ಗಿರಾಕಿಗಳು ಎದುರಿನ ಹೋಟೇಲಿಗೆ ನಡೆಯುತ್ತಿದ್ದರು. ಸೋಮವಾರದ 120 ಮತ್ತು ಆದಿತ್ಯವಾರದ 600 ತಿಳಿಯದೆ ಬರಿಯ ಸರಾಸರಿಯಿಂದ ಅಡುಗೆಮನೆ ನಡೆಯಲಾರದು. ದೇಹವೆಂಬ ಅಡುಗೆಮನೆಯ ಪಾಡೂ ಅಷ್ಟೆ.

ಇಬ್ಬರು ರೋಗಿಗಳಿದ್ದಾರೆಂದು ಇಟ್ಟುಕೊಳ್ಳೋಣ. ಒಂದು ದಿನದ ಐದು ಹೊತ್ತಿನಲ್ಲಿ ಮೊದಲನೆಯವನ ಸಕ್ಕರೆ 110, 130, 150, 170, 190. ಎರಡನೆಯವನದು 55, 80, 150, 210, 255. ಕೂಡಿಸಿ ಐದರಿಂದ ಭಾಗಿಸಿದರೆ ಇಬ್ಬರದೂ 150. ಪ್ರತಿದಿನವೂ ಹೀಗೆಯೇ ನಡೆದರೆ ಮೂರು ತಿಂಗಳ ಪರೀಕ್ಷೆಯಲ್ಲಿ ಇಬ್ಬರಿಗೂ ಹೆಚ್ಚು ಕಡಮೆ ಒಂದೇ ಅಂಕಿ ಬರುತ್ತದೆ, ಇಬ್ಬರ ಬೆನ್ನನ್ನೂ ವೈದ್ಯರು ತಟ್ಟುತ್ತಾರೆ. ಮೊದಲನೆಯವನು ಮನೆಗೆ ಹೋಗುತ್ತಾನೆ. ಎರಡನೆಯವನು 55ರ ಹೊತ್ತಿನಲ್ಲಿ ಕುದಿಯುವ ಎಣ್ಣೆಯ ಬಾಣಲೆಯ ಮುಂದೆ ನಿಂತಿದ್ದರೆ ಏನಾದೀತು?

ಆ ಏರಿಳಿತವನ್ನು ಹಿಡಿಯುವ ಉಪಕರಣದ ಇತಿಹಾಸವೂ ಸ್ವಾರಸ್ಯವಾಗಿದೆ. ಕಿಣ್ವವೊಂದನ್ನು ವಿದ್ಯುದ್ವಾರಕ್ಕೆ ಜೋಡಿಸಿ ಸಕ್ಕರೆಯನ್ನು ಅಳೆಯಬಹುದೆಂಬ ಕಲ್ಪನೆಯನ್ನು ಅಮೆರಿಕದ ಲಿಲೆಂಡ್ ಕ್ಲಾರ್ಕ್ ಎಂಬ ವಿಜ್ಞಾನಿಯು ಸಹೋದ್ಯೋಗಿಯೊಬ್ಬರೊಡನೆ 1962ರಲ್ಲಿ ಪ್ರಕಟಿಸಿದರು. ಅದು ದಿನವಿಡೀ ದೇಹದ ಮೇಲಿರುವ ಉಪಕರಣವಾಗಿ ಅಮೆರಿಕದ ಸರಕಾರದ ಮಂಜೂರಾತಿ ಪಡೆದದ್ದು 1999ರಲ್ಲಿ. ಈಗಿನದು ಎರಡು ರೂಪಾಯಿಯ ನಾಣ್ಯಕ್ಕಿಂತ ಸ್ವಲ್ಪ ದೊಡ್ಡದಾದ ಬಿಲ್ಲೆ. ಜನರು ಅದನ್ನು ಸೆನ್ಸರ್ ಎಂದು ಕರೆಯುತ್ತಾರೆ. ತೋಳಿನ ಹಿಂಭಾಗಕ್ಕೆ ಅದನ್ನು ಅಂಟಿಸುವಾಗ ಸುಮಾರು ಅರ್ಧ ಸೆಂಟಿಮೀಟರ್ ಉದ್ದದ, ಕೂದಲಿನಂತಹ ಎಳೆಯೊಂದು ಚರ್ಮದ ಕೆಳಗೆ ಸೇರುತ್ತದೆ. ಅದು ಅಳೆಯುವುದು ನೇರವಾಗಿ ರಕ್ತದ ಸಕ್ಕರೆಯನ್ನಲ್ಲ, ಜೀವಕೋಶಗಳ ನಡುವಣ ದ್ರವದ ಸಕ್ಕರೆಯನ್ನು. ಆದುದರಿಂದ ರಕ್ತದಲ್ಲಾದ ಬದಲಾವಣೆಯು ಅದರಲ್ಲಿ ಕಾಣಿಸಿಕೊಳ್ಳಲು ಐದು ಹತ್ತು ನಿಮಿಷ ಹಿಡಿಯುತ್ತದೆ. ಒಂದು ಸೆನ್ಸರ್ ಹತ್ತರಿಂದ ಹದಿನೈದು ದಿನ ಕೆಲಸ ಮಾಡುತ್ತದೆ. ಕೆಲವು ಜಾತಿಯವು ಅಂಕಿಯನ್ನು ಆಗಿಂದಾಗಲೇ ಮೊಬೈಲಿನಲ್ಲಿ ತೋರಿಸುತ್ತವೆ, ಮಿತಿ ಮೀರಿದರೆ ಕೂಗಿ ಎಚ್ಚರಿಸುತ್ತವೆ. ಇನ್ನೊಂದು ಜಾತಿಯದು ರೋಗಿಗೆ ಏನನ್ನೂ ತೋರಿಸದೆ ಕಾಲುಗಂಟೆಗೊಂದರಂತೆ ಬರೆದಿಟ್ಟುಕೊಂಡು, ಹದಿನಾಲ್ಕು ದಿನಗಳ ಮೇಲೆ ವೈದ್ಯರ ಮುಂದೆ ಸುರಿಯುತ್ತದೆ. ದಿನಕ್ಕೆ 96ರಂತೆ ಒಟ್ಟು 1,344 ಅಂಕಿಗಳು. ಶಿಬಿರದ ಚೀಟಿಯಲ್ಲಿದ್ದುದು ಒಂದು.

ಇಷ್ಟು ಅಂಕಿಗಳನ್ನು ಓದುವುದು ಹೇಗೆಂಬ ಪ್ರಶ್ನೆ ಸಹಜ. ನಾನಾ ದೇಶಗಳ ತಜ್ಞರು ಕೂಡಿ 2019ರಲ್ಲಿ ಒಂದು ಸರಳ ಕ್ರಮವನ್ನು ಒಪ್ಪಿಕೊಂಡರು. ಸಕ್ಕರೆಯು 70ರಿಂದ 180ರ ನಡುವೆ ಇರುವ ಹೊತ್ತು ದಿನದ ಶೇಕಡಾ 70ಕ್ಕಿಂತ ಹೆಚ್ಚಾಗಿರಬೇಕು. ಎಂದರೆ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಸುಮಾರು ಹದಿನೇಳು ಗಂಟೆ. 70ಕ್ಕಿಂತ ಕೆಳಗಿರುವ ಹೊತ್ತು ಶೇಕಡಾ 4ನ್ನು ಮೀರಕೂಡದು. ಅದು ದಿನಕ್ಕೆ ಒಂದು ಗಂಟೆಯೂ ಆಗುವುದಿಲ್ಲ. 54ಕ್ಕಿಂತ ಕೆಳಗಂತೂ ಶೇಕಡಾ 1ರೊಳಗೇ ಇರಬೇಕು, ಎಂದರೆ ಕಾಲುಗಂಟೆಗಿಂತ ಕಡಮೆ. ವೃದ್ಧರಿಗೂ ಇತರ ಗಂಡಾಂತರಗಳುಳ್ಳವರಿಗೂ ಏರಿಕೆಯ ವಿಷಯದಲ್ಲಿ ಸಡಿಲಿಕೆಯುಂಟು, ಇಳಿತದ ವಿಷಯದಲ್ಲಿ ಮಾತ್ರ ಇನ್ನೂ ಹೆಚ್ಚಿನ ಬಿಗಿ. ಈ ಭೇದವನ್ನು ವಾಚಕರು ಗಮನಿಸಬೇಕು. ಏರಿದ ಸಕ್ಕರೆಯು ಸಾಮಾನ್ಯವಾಗಿ ವರ್ಷಗಟ್ಟಲೆ ಕೊರೆಯುತ್ತದೆ. ಇಳಿದ ಸಕ್ಕರೆಯು ಕೆಲವು ನಿಮಿಷಗಳಲ್ಲಿಯೇ ಮನುಷ್ಯನನ್ನು ಕೆಡಹುತ್ತದೆ.

ಏರಿಳಿತಕ್ಕೆಂದೇ ಇನ್ನೊಂದು ಅಂಕಿಯುಂಟು. ಅಂಕಿಗಳು ಸರಾಸರಿಯಿಂದ ಎಷ್ಟು ಚದರಿವೆಯೆಂಬುದನ್ನು ಲೆಕ್ಕ ಹಾಕಿ, ಅದು ಸರಾಸರಿಯ ಶೇಕಡಾ ಎಷ್ಟೆಂದು ಹೇಳುತ್ತಾರೆ. 36 ಮತ್ತು ಅದಕ್ಕಿಂತ ಕೆಳಗಿದ್ದರೆ ಸಕ್ಕರೆ ಸ್ಥಿರ, ಮೀರಿದರೆ ಅಸ್ಥಿರ. ಮೇಲೆ ಹೇಳಿದ ಇಬ್ಬರಲ್ಲಿ ಮೊದಲನೆಯವನಿಗೆ ಇದು ಸುಮಾರು 20, ಎರಡನೆಯವನಿಗೆ 50ಕ್ಕೂ ಮೇಲು. ಸರಾಸರಿಯು ಒಂದೇ ಇದ್ದಾಗ ಈ ಏರಿಳಿತವು ತಾನೇ ತಾನಾಗಿ ಕಣ್ಣು ಮೂತ್ರಪಿಂಡಗಳನ್ನು ಎಷ್ಟರ ಮಟ್ಟಿಗೆ ಕೆಡಿಸುತ್ತದೆಂಬ ವಿಷಯದಲ್ಲಿ ವೈದ್ಯ ವಿದ್ವಾಂಸರು ಇನ್ನೂ ಚರ್ಚಿಸುತ್ತಿದ್ದಾರೆ. ಆದರೆ ಏರಿಳಿತ ಹೆಚ್ಚಿದಷ್ಟೂ ಅಪಾಯಕರ ಇಳಿತಗಳು ಹೆಚ್ಚುತ್ತವೆಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಹೋಟೇಲಿನ ಒಲೆಯ ಮುಂದೆ ನಿಂತವನಿಗೆ ಇಷ್ಟು ಸಾಲದೆ?

ನಮಗೆ ಪರಿಚಯವಿರುವ ಒಬ್ಬ ಅಡುಗೆಯವರ ಸಂಗತಿಯನ್ನು ಅವರ ಒಪ್ಪಿಗೆಯಿಂದಲೇ, ಹೆಸರು ಬಿಟ್ಟು, ಹೇಳುತ್ತೇವೆ. ಐವತ್ತೆರಡರ ಪ್ರಾಯ, ಹನ್ನೊಂದು ವರ್ಷಗಳ ಮಧುಮೇಹ, ಬೆಳಗ್ಗೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಮಾತ್ರೆಗಳು. ಬರಿಯ ಹೊಟ್ಟೆಯಲ್ಲಿ 118, ಮೂರು ತಿಂಗಳ ಅಂಕಿ 7.1. ಯಾವ ಶಿಬಿರದಲ್ಲಿಯೂ ಮೆಚ್ಚುಗೆ ಪಡೆಯುವ ಅಂಕಿಗಳು. ಆದರೆ ಅವರಿಗೆ ಮಧ್ಯಾಹ್ನ ಎರಡು ಗಂಟೆಯಾದರೆ ಸಿಟ್ಟು. ಸಪ್ಲೈಯರ್ ಹುಡುಗರಿಗೆ ಬೈಗುಳ, ಕ್ಲೀನರ್ ಹುಡುಗನ ಮೇಲೆ ಸೌಟು ಎತ್ತುವುದು, ಬೆವರು, ಕೈ ನಡುಕ. "ಅಣ್ಣನಿಗೆ ಬಿಪಿ ಏರಿತು" ಎಂದು ಹುಡುಗರು ದೂರ ಸರಿಯುತ್ತಿದ್ದರು. ಅಡುಗೆಮನೆಯಲ್ಲಿ ಬೆವರದವರಾರು? ಯಾರಿಗೂ ಸಂದೇಹ ಬರಲಿಲ್ಲ.

ಮಗಳ ಒತ್ತಾಯದಿಂದ ಅವರು ಹದಿನಾಲ್ಕು ದಿನ ಸೆನ್ಸರ್ ಹಾಕಿಸಿಕೊಂಡರು. ವೈದ್ಯರು ತೆಗೆದುಕೊಟ್ಟ ನಕ್ಷೆಯನ್ನು ನಾವೂ ಕಂಡಿದ್ದೇವೆ. ಹನ್ನೆರಡು ಗಂಟೆಯ ರಾತ್ರಿಯೂಟದ ಮೇಲೆ ಎರಡು ಗಂಟೆಗೆ 260. ಬೆಳಗಾಗುವಷ್ಟರಲ್ಲಿ ಇಳಿದು 120ರ ಆಸುಪಾಸು. ಪರೀಕ್ಷೆಯವರು ಹಿಡಿದದ್ದು ಈ ತಗ್ಗನ್ನು! ಇಡ್ಲಿ ಚಹಾದ ಮೇಲೆ ಮತ್ತೆ 230. ಬಳಿಕ ಮಾತ್ರೆಯು ತನ್ನ ಕೆಲಸ ನಡೆಸುತ್ತದೆ, ಹೊಟ್ಟೆಗೆ ಏನೂ ಬೀಳುವುದಿಲ್ಲ, ಕೈಕಾಲು ಮಾತ್ರ ಬಿಡುವಿಲ್ಲದೆ ದುಡಿಯುತ್ತವೆ. ಹದಿನಾಲ್ಕು ದಿನಗಳಲ್ಲಿ ಒಂಬತ್ತು ದಿನ ಎರಡರಿಂದ ಮೂರೂವರೆಯೊಳಗೆ 60ಕ್ಕಿಂತ ಕೆಳಗೆ. ಮೂರೂವರೆಯ ಊಟದ ಮೇಲೆ 280. ಅವರ ಸಿಟ್ಟೆಂದು ಎಲ್ಲರೂ ತಿಳಿದದ್ದು ಮೆದುಳಿಗೆ ಸಕ್ಕರೆ ಸಾಲದೆ ಬಂದ ತೊಳಲಾಟ.

ವೈದ್ಯರು ಗ್ಲಿಮೆಪಿರೈಡ್ ಪ್ರಮಾಣವನ್ನು ಅರ್ಧಕ್ಕಿಳಿಸಿದರು. ಇಳಿತವನ್ನು ತರದ ಇನ್ನೊಂದು ಔಷಧವನ್ನು ಸೇರಿಸಿದರು. ಮಾಲಕರೂ ಸಹೃದಯರಾಗಿದ್ದುದರಿಂದ ಹನ್ನೊಂದೂವರೆಗೆ, ಗಿರಾಕಿಗಳ ಭರಾಟೆಗೆ ಮುಂಚೆ, ಅಡುಗೆಯವರಿಗೆ ಊಟ ಹಾಕುವ ಕ್ರಮ ಮಾಡಿದರು. ರಾತ್ರಿಯ ಊಟ ಒಂಬತ್ತೂವರೆಗೆ, ಸರದಿಯ ಮೇಲೆ. ಮೂರು ತಿಂಗಳ ತರುವಾಯ ಮತ್ತೊಂದು ಸೆನ್ಸರಿನಲ್ಲಿ 70ಕ್ಕಿಂತ ಕೆಳಗಿನ ಇಳಿತ ಒಂದೇ ಸಲ. ಆಗಿನ ಮೂರು ತಿಂಗಳ ಅಂಕಿ ಎಷ್ಟು ಬಂತೆಂದು ವಾಚಕರು ಕೇಳಬಹುದು. 7.0. ಹಳೆಯ ಅಂಕಿಯಲ್ಲಿ ಏನೂ ಬದಲಾಗಲಿಲ್ಲವೆಂದೇ ಹೇಳಬೇಕು. ಆ ಹೋಟೇಲಿನ ಕ್ಲೀನರ್ ಹುಡುಗನನ್ನು ಕೇಳಿದರೆ ಏನು ಬದಲಾಯಿತೆಂಬುದನ್ನು ಅವನು ಹೇಳಬಲ್ಲನು.

ಈ ಒಂದು ಉದಾಹರಣೆಯಿಂದ ಎಲ್ಲರೂ ಅಂಗಡಿಗೆ ಓಡಬೇಕೆಂದು ನಾವು ಹೇಳುತ್ತಿಲ್ಲ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಮೊದಲಾದ ಮಾತ್ರೆಗಳನ್ನು ಸೇವಿಸುವವರು, ರಾತ್ರಿಪಾಳಿಯವರು, ಊಟದ ಹೊತ್ತು ನಿಶ್ಚಿತವಿಲ್ಲದವರು, ಕಾರಣ ತಿಳಿಯದೆ ನಡುಕ ಬೆವರು ತಲೆಸುತ್ತು ಕಾಣಿಸಿಕೊಂಡವರು, ಇಂಥವರಿಗೆ ಮೊದಲ ಹಕ್ಕು. ರಕ್ತಹೀನತೆಯುಳ್ಳವರಲ್ಲಿ ಮೂರು ತಿಂಗಳ ಪರೀಕ್ಷೆಯ ಅಂಕಿಯೇ ಹೆಚ್ಚು ಕಡಮೆಯಾಗಿ ಬರುವುದುಂಟಾದ್ದರಿಂದ ಅವರೂ ವೈದ್ಯರನ್ನು ಕೇಳುವುದು ಒಳ್ಳೆಯದು. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಿಗೆ ಇಳಿತದ ಭಯ ಬಹು ಕಡಮೆ. ಅವರಿಗೆ ಅವಸರವೇನೂ ಇಲ್ಲ. ಇನ್ನು ಮಧುಮೇಹವೇ ಇಲ್ಲದ ಶ್ರೀಮಂತರು ತೋಳಿಗೆ ಸೆನ್ಸರ್ ಅಂಟಿಸಿಕೊಂಡು, ಮಾವಿನಹಣ್ಣು ತಿಂದಾಗ ಎಷ್ಟೇರಿತೆಂದು ಒಬ್ಬರಿಗೊಬ್ಬರು ತೋರಿಸಿಕೊಳ್ಳುವ ಹೊಸ ಷೋಕಿಯು ನಮ್ಮವರಿಗೆ ಬೇಡ. ಆರೋಗ್ಯವಂತರಲ್ಲಿಯೂ ಊಟದ ಮೇಲೆ ಸಕ್ಕರೆ ಏರಿ ಇಳಿಯುವುದು ದೇಹಧರ್ಮ.

ಉಪಕರಣವನ್ನು ಕುರುಡಾಗಿ ನಂಬುವುದೂ ಸಲ್ಲದು. ಸೆನ್ಸರ್ ಇರುವ ತೋಳಿನ ಮೇಲೆ ಮಲಗಿದರೆ ಅಲ್ಲಿಯ ದ್ರವದ ಹರಿದಾಟ ಕುಗ್ಗಿ, ಇಲ್ಲದ ಇಳಿತವನ್ನು ತೋರಿಸುವುದುಂಟು. ಹೋಟೇಲಿನ ಮಾಳಿಗೆಯಲ್ಲಿ ಇಕ್ಕಟ್ಟಾಗಿ ಮಗ್ಗುಲಾಗಿಯೇ ಮಲಗುವ ನಮ್ಮ ಹುಡುಗರು ಇದನ್ನು ನೆನಪಿಡಬೇಕು. ಒಲೆಯ ಬದಿಯ ಬೆವರಿಗೆ ಬಿಲ್ಲೆಯ ಅಂಟು ಸಡಿಲವಾದೀತು. ಮೇಲೊಂದು ಪಟ್ಟಿ ಸುತ್ತಿಕೊಳ್ಳುವುದು ಲೇಸು. ಹೆಚ್ಚಿನ ಪ್ರಮಾಣದ ವಿಟಮಿನ್ ಸಿ ಮಾತ್ರೆಗಳು ಕೆಲವು ಸೆನ್ಸರುಗಳ ಅಂಕಿಯನ್ನು ಏರಿಸಿ ತೋರಿಸುತ್ತವೆ. ದೇಹಕ್ಕೆ ಅನಿಸುವುದೊಂದು, ಸೆನ್ಸರ್ ಹೇಳುವುದೊಂದು ಆದಾಗ ಹಳೆಯ ಬೆರಳ ಸೂಜಿಯೇ ನ್ಯಾಯಾಧೀಶ. ಮತ್ತು ಅಂಕಿಯನ್ನು ನೋಡಿ ತಾವೇ ಮಾತ್ರೆ ಬಿಡುವುದು, ತಾವೇ ಹೆಚ್ಚಿಸುವುದು, ಪಕ್ಕದವನ ಮಾತ್ರೆಯನ್ನು ತಂದು ನುಂಗುವುದು ಕೂಡದು. ಹದಿನಾಲ್ಕು ದಿನಗಳಲ್ಲಿ ತಿಂದ ಹೊತ್ತು, ಮಾತ್ರೆಯ ಹೊತ್ತು, ಮಲಗಿದ ಹೊತ್ತುಗಳನ್ನು ಒಂದು ಚೋಪಡಿಯಲ್ಲಿ ಬರೆದಿಟ್ಟರೆ ಮಾತ್ರ ವೈದ್ಯರಿಗೆ ನಕ್ಷೆಯ ಅರ್ಥ ಬಿಡಿಸಲು ಸಾಧ್ಯ. ಬರೆಯದ ನಕ್ಷೆಯು ಬಾಕಿದಾರರ ಹೆಸರಿಲ್ಲದ ಉದ್ರಿ ಪುಸ್ತಕದಂತೆ.

ಇಲ್ಲಿ ಇನ್ನೊಂದು ಮೋಸವನ್ನೂ ಹೇಳಿಬಿಡಬೇಕು. ಚುಚ್ಚದೆ, ಅಂಟಿಸದೆ, ಕೈಗೆ ಕಟ್ಟಿದ ಮಾತ್ರಕ್ಕೆ ಸಕ್ಕರೆಯನ್ನು ಹೇಳುತ್ತವೆಂದು ಅಗ್ಗದ ಕೈಗಡಿಯಾರಗಳನ್ನೂ ಉಂಗುರಗಳನ್ನೂ ಮಾರುವವರಿದ್ದಾರೆ. ಅಂಥವನ್ನು ನಂಬಬಾರದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆಯು 2024ರ ಫೆಬ್ರವರಿಯಲ್ಲಿ ಬಹಿರಂಗ ಎಚ್ಚರಿಕೆ ಕೊಟ್ಟಿತು. ರಸ್ತೆಬದಿಯಲ್ಲಿ ಸಾವಿರ ರೂಪಾಯಿಗೆ ಸಿಗುವ ಇಂಥ ಗಡಿಯಾರವನ್ನು ನೋಡಿ ಇನ್ಸುಲಿನ್ ತೆಗೆದುಕೊಂಡರೆ ಆಗುವ ಅನಾಹುತಕ್ಕೆ ಮಾರಿದವನು ಹೊಣೆಯಾಗುವುದಿಲ್ಲ.

ಈಗ ಹಣದ ಮಾತು. ಒಂದು ಸೆನ್ಸರಿಗೆ ಸುಮಾರು ನಾಲ್ಕೈದು ಸಾವಿರ ರೂಪಾಯಿ. ಊರಿಗೆ ಹಣ ಕಳುಹಿಸುವ ಒಬ್ಬ ಸಪ್ಲೈಯರನಿಗೆ ಇದು ಪಗಾರದ ದೊಡ್ಡ ಪಾಲು. ತಿಂಗಳಿಗೆರಡರಂತೆ ವರ್ಷವಿಡೀ ಹಾಕಿಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇಲ್ಲ. ಹೆಚ್ಚಿನವರಿಗೆ ಅದರ ಅಗತ್ಯವೂ ಇಲ್ಲ. ವರ್ಷಕ್ಕೆ ಒಂದು ಅಥವಾ ಎರಡು ಸಲ, ಇಲ್ಲವೆ ಔಷಧ ಬದಲಾದಾಗ, ಪಾಳಿ ಬದಲಾದಾಗ ಒಂದು ಸಲ ಹಾಕಿಸಿದರೂ ವೈದ್ಯರಿಗೆ ಬೇಕಾದ ನಕ್ಷೆಯು ದೊರೆಯುತ್ತದೆ. ಈ ಖರ್ಚನ್ನು ಹೋಟೇಲು ಮಾಲಕರು ಹೊರತಕ್ಕದ್ದೆಂಬುದು ನಮ್ಮ ವಾದ.

ಮಾಲಕ ಮಿತ್ರರು ಹುಬ್ಬು ಗಂಟಿಕ್ಕುವರೆಂಬುದು ನಮಗೆ ಗೊತ್ತು. ಗ್ಯಾಸಿನ ಬೆಲೆ, ಜಾಗದ ಬಾಡಿಗೆ, ಮನೆಬಾಗಿಲಿಗೆ ತಲಪಿಸುವ ಕಂಪೆನಿಗಳಿಗೆ ತೆರಬೇಕಾದ ಕಮಿಷನ್, ಇವೆಲ್ಲವನ್ನೂ ನಾವೂ ಅನುಭವಿಸಿದವರೇ. "ಇಂದು ಸೆನ್ಸರ್ ಕೊಟ್ಟರೆ ನಾಳೆ ಕನ್ನಡಕ ಕೇಳುತ್ತಾರೆ" ಎಂದು ಒಬ್ಬ ಮಾಲಕರು ನಮ್ಮೊಡನೆ ನಗುತ್ತ ಹೇಳಿದರು. ಕೇಳಲಿ. ಗ್ರೈಂಡರಿನ ಬೇರಿಂಗ್ ಸದ್ದು ಮಾಡಿದರೆ ಅಂದೇ ಮೆಕ್ಯಾನಿಕ್ ಬರುತ್ತಾನೆ. ಆ ಗ್ರೈಂಡರಿನ ಮುಂದೆ ಇಪ್ಪತ್ತು ವರ್ಷ ನಿಂತವನ ಕೈ ನಡುಗಿದರೆ ಯಾರನ್ನು ಕರೆಯುತ್ತೇವೆ? ನಮ್ಮ ಉಡುಪಿ ಹೋಟೇಲುಗಳ ಹೆಸರು ಬೆಳೆದದ್ದು ಇಂಥ ಕೈಗಳಿಂದ. ಅಲ್ಲದೆ ಈ ಏರಿಳಿತದ ಅರ್ಧ ಕಾರಣವು ರೋಗಿಯ ನಾಲಗೆಯ ಚಾಪಲ್ಯವಲ್ಲ, ನಾವು ಮಾಲಕರು ಗೊತ್ತುಪಡಿಸಿದ ಊಟದ ವೇಳೆ. ಊರಿಗೆಲ್ಲ ಹನ್ನೆರಡೂವರೆಗೆ ಊಟ ಬಡಿಸುವವನು ತಾನು ಮೂರೂವರೆಗೆ ಉಣ್ಣುವ ವ್ಯವಸ್ಥೆಯನ್ನು ಯಾವ ವೈದ್ಯನೂ ಮಾತ್ರೆಯಿಂದ ಸರಿಪಡಿಸಲಾರನು. ಸೆನ್ಸರಿಗೆ ಹಣ ಕೊಡಲಾರದ ಸಣ್ಣ ಹೋಟೇಲಿನವರು ಊಟದ ವೇಳೆಯನ್ನಾದರೂ ಬದಲಿಸಬಹುದು. ಅದಕ್ಕೆ ಕಾಸು ಬೇಕಾಗಿಲ್ಲ, ಅರ್ಧಗಂಟೆಯ ಸರದಿ ಸಾಕು.

ಆದರೆ ಹಣ ಕೊಟ್ಟ ಮಾತ್ರಕ್ಕೆ ನಕ್ಷೆಯು ಮಾಲಕನದಾಗುವುದಿಲ್ಲ. ಇದು ಬಹು ಮುಖ್ಯ. ತೋಳಿನ ಮೇಲಣ ಬಿಲ್ಲೆಯನ್ನು ಕಂಡರೆ ಕೆಲಸ ಹೋದೀತೆಂದೂ, ಊರಲ್ಲಿ ಮಗಳ ಸಂಬಂಧ ತಪ್ಪೀತೆಂದೂ ಹೆದರಿ ರೋಗವನ್ನೇ ಮುಚ್ಚಿಡುವವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಅಂಕಿಗಳು ರೋಗಿಗೂ ವೈದ್ಯರಿಗೂ ಮಾತ್ರ ಸೇರಿದವು. ಅದನ್ನು ನೋಡಿ ಒಬ್ಬನನ್ನು ಕೆಲಸದಿಂದ ಬಿಡಿಸುವ ಮಾಲಕನಿದ್ದರೆ ಅವನು ಈ ಉಪಕಾರವನ್ನು ಮಾಡದಿರುವುದೇ ಮೇಲು. ಆದುದರಿಂದ ಹಣವು ಮಾಲಕರಿಂದ ಸಂಘಕ್ಕೆ, ಸಂಘದಿಂದ ವೈದ್ಯರಿಗೆ ಹೋಗುವುದೇ ಉತ್ತಮ ಮಾರ್ಗ. ವರ್ಷಕ್ಕೆ ನಾಲ್ಕು ಶಿಬಿರ ನಡೆಸುವ ಸಂಘವು ಎರಡನ್ನು ಬಿಟ್ಟು, ಶಾಲು ಹಾರ ಸ್ಮರಣಿಕೆಗಳ ಖರ್ಚನ್ನೂ ಉಳಿಸಿ, ಆ ಹಣದಲ್ಲಿ ಇನ್ಸುಲಿನ್ ತೆಗೆದುಕೊಳ್ಳುವ ಹತ್ತು ಮಂದಿ ಕಾರ್ಮಿಕರಿಗೆ ಸೆನ್ಸರ್ ಹಾಕಿಸಿದರೆ, ಸಾವಿರ ಮಂದಿಯ ಬೆರಳು ಚುಚ್ಚಿದ್ದಕ್ಕಿಂತ ಹೆಚ್ಚಿನ ಕೆಲಸವಾದೀತು. ವೇದಿಕೆಯ ಛಾಯಾಚಿತ್ರದಲ್ಲಿ ಹತ್ತು ಮಂದಿ ಮಾತ್ರ ಕಾಣುವರೆಂಬ ಕೊರತೆಯೊಂದುಂಟು, ನಿಜ. ಕಚೇರಿಗಳಲ್ಲಿ ದುಡಿಯುವ ಬಂಧುಗಳು ತಮ್ಮ ಸಾಮೂಹಿಕ ವಿಮೆಯಲ್ಲಿ ಹೊರರೋಗಿಯ ಖರ್ಚಿಗೆ ಅವಕಾಶವಿದೆಯೆ, ಅದರಲ್ಲಿ ಈ ಉಪಕರಣವು ಸೇರಿದೆಯೆ ಎಂಬುದನ್ನು ತಮ್ಮ ಆಡಳಿತ ವಿಭಾಗದಲ್ಲಿ ಬರವಣಿಗೆಯ ಮೂಲಕ ಕೇಳಬೇಕು. ಬಾಯಿಮಾತಿನಲ್ಲಿ ಕೇಳಿದ್ದಕ್ಕೆ ಬಾಯಿಮಾತಿನ ಉತ್ತರವೇ ಬರುತ್ತದೆ.

ಸೆನ್ಸರ್ ಬರುವವರೆಗೆ ಕಾಯಬೇಕಾಗಿಲ್ಲದ ಕೆಲಸವೊಂದುಂಟು. ಮಧುಮೇಹಿಯಾದ ಸಹೋದ್ಯೋಗಿಯು ಹೊತ್ತಲ್ಲದ ಹೊತ್ತಿನಲ್ಲಿ ತಣ್ಣಗೆ ಬೆವೆತು, ನಡುಗಿ, ತಡವರಿಸಿ ಮಾತಾಡಿದರೆ, ಕಾರಣವಿಲ್ಲದೆ ರೇಗಿದರೆ, ಅವನನ್ನು ಒಲೆಯ ಬಳಿಯಿಂದ ಸರಿಸಿ ಕುಳ್ಳಿರಿಸಿ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿಸಬೇಕು. ಲಾಡು, ಬರ್ಫಿ ಬೇಡ. ಜಿಡ್ಡಿರುವ ಸಿಹಿಯಿಂದ ಸಕ್ಕರೆ ರಕ್ತಕ್ಕೆ ಸೇರುವುದು ತಡವಾಗುತ್ತದೆ. ಕಾಲುಗಂಟೆ ನೋಡಿ, ಬೆರಳ ಪರೀಕ್ಷೆ ಮಾಡಿ, 70ಕ್ಕೆ ಬಂದಿರದಿದ್ದರೆ ಇನ್ನೊಮ್ಮೆ ಕುಡಿಸಿ, ಚೇತರಿಸಿಕೊಂಡ ಮೇಲೆ ಊಟ ಹಾಕಬೇಕು. ಎಚ್ಚರ ತಪ್ಪಿದವನ ಬಾಯಿಗೆ ಮಾತ್ರ ಏನನ್ನೂ ಹಾಕಕೂಡದು, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ರಾತ್ರಿ ಮಾಳಿಗೆಯಲ್ಲಿ ಜೊತೆಗೆ ಮಲಗುವವರಿಗೂ ಇದು ತಿಳಿದಿರಬೇಕು, ಏಕೆಂದರೆ ನಿದ್ರೆಯಲ್ಲಿ ಇಳಿದವನು ಹಾಸಿಗೆ ತೋಯುವಷ್ಟು ಬೆವೆತರೂ ಯಾರನ್ನೂ ಕೂಗಲಾರನು.

ಪ್ರತಿಯೊಂದು ಹೋಟೇಲಿನ ಮಾಲಕರೂ ತಮ್ಮಲ್ಲಿ ಅಡುಗೆಯವರು, ಸಪ್ಲೈಯರರು, ಕ್ಲೀನರರು ಮಧ್ಯಾಹ್ನ ಎಷ್ಟು ಗಂಟೆಗೆ ಉಣ್ಣುತ್ತಾರೆ, ರಾತ್ರಿ ಎಷ್ಟು ಗಂಟೆಗೆ ಉಣ್ಣುತ್ತಾರೆ ಎಂಬ ಎರಡು ವೇಳೆಗಳನ್ನು ಒಂದು ಕಾಗದದಲ್ಲಿ ಬರೆದು ನಮ್ಮ ಕಚೇರಿಗೆ ಕಳುಹಿಸಬೇಕೆಂದು ವಿನಂತಿಸುತ್ತೇವೆ. ಒಂದು ಗಂಟೆಗೆ ಮುಂಚೆಯೂ ಹತ್ತು ಗಂಟೆಗೆ ಮುಂಚೆಯೂ ಊಟ ಹಾಕುವ ಹೋಟೇಲುಗಳ ಹೆಸರನ್ನು ಪತ್ರಿಕೆಯಲ್ಲಿ ಸಂತೋಷದಿಂದ ಪ್ರಕಟಿಸುವೆವು. ಉಳಿದವರ ಕಾಗದಗಳನ್ನು ಮೂರು ತಿಂಗಳು ಹಾಗೆಯೇ ಇಟ್ಟುಕೊಂಡಿದ್ದು, ಮತ್ತೊಮ್ಮೆ ಕೇಳುವೆವು.